ಗಾಜಿನ ಪೆಟ್ಟಿಗೆಯ ಮೀನು ಮತ್ತು ನಮ್ಮ ಹೊಣೆ



ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಅಂಗಡಿಗಳಲ್ಲಿ ಗಲ್ಲಾದ ಪಕ್ಕಕ್ಕೆ ಮೀನು ಸಾಕುವ ಗಾಜಿನ ಪೆಟ್ಟಿಗೆ ಇಂದು ಅಪರೂಪವೇನಲ್ಲ. ಅದರಲ್ಲಿಯ ದುಂಡು ಹೊಟ್ಟೆಯ ಗೋಲ್ಡ್ ಫಿಶ್ ಒಮ್ಮೊಮ್ಮೆ ಮಗ್ಗುಲಾಗಿ ತೇಲುತ್ತದೆ, ಹೊಟ್ಟೆ ಮೇಲಾಗಿ ಒದ್ದಾಡುತ್ತದೆ, ಇಲ್ಲವೆ ತಳ ಬಿಟ್ಟು ಏಳಲಾರದೆ ಬೀಳುತ್ತದೆ. "ಅದನ್ನು ಒಗೆದು ಇನ್ನೊಂದು ತಂದರಾಯಿತು" ಎಂಬ ಮಾತು ಆಗ ಸಹಜವಾಗಿ ಬರುತ್ತದೆ. ಮೀನಿನ ಬೆಲೆಗಿಂತ ಆರೈಕೆಯ ಶ್ರಮವೇ ದೊಡ್ಡದು ಎಂಬುದು ವ್ಯಾಪಾರದ ಲೆಕ್ಕ. ಜೀವದ ವಿಷಯದಲ್ಲಿ ಈ ಲೆಕ್ಕ ಸರಿಯೇ ಎಂಬುದು ಇಲ್ಲಿಯ ಪ್ರಶ್ನೆ.

ಮೀನಿನ ಒಡಲಲ್ಲಿ ಒಂದು ಗಾಳಿಚೀಲವಿದೆ. ಅದರ ಬಲದಿಂದಲೇ ಅದು ನೀರಿನಲ್ಲಿ ಬೇಕಾದ ಆಳಕ್ಕೆ ನಿಲ್ಲುತ್ತದೆ. ಅತಿಯಾಗಿ ತಿಂದು ಹೊಟ್ಟೆ ಕಟ್ಟಿದರೆ, ತೇಲುವ ಆಹಾರದೊಡನೆ ಗಾಳಿ ನುಂಗಿದರೆ, ನೀರು ಕೆಟ್ಟರೆ, ಸೋಂಕು ತಗುಲಿದರೆ ಅದರ ಸಮತೋಲ ತಪ್ಪುತ್ತದೆ. ದುಂಡು ಮೈಯ ತಳಿಗಳಿಗೆ ಈ ತೊಂದರೆ ಹೆಚ್ಚು. ಚೀನಾ ದೇಶದಲ್ಲಿ ಸುಮಾರು ಸಾವಿರ ವರ್ಷಗಳಿಂದ ಮನುಷ್ಯನು ತನ್ನ ಕಣ್ಣಿನ ಸುಖಕ್ಕಾಗಿ ಆರಿಸಿ ಆರಿಸಿ ಈ ಮೀನಿಗೆ ಇಂಥ ಮೈಕಟ್ಟು ತಂದಿದ್ದಾನೆ.

ಹೊಳೆಯ ಮೀನು ನೀರು ಕೆಟ್ಟರೆ ಬೇರೆ ಮಡುವಿಗೆ ಹೋದೀತು. ಗಾಜಿನೊಳಗಿನ ಮೀನಿಗೆ ಹೋಗಲು ದಾರಿಯಿಲ್ಲ. ಅದರ ನೀರು, ಅನ್ನ, ಬೆಳಕು ಎಲ್ಲವೂ ನಮ್ಮ ಕೈಯಲ್ಲಿವೆ. ತನ್ನನ್ನು ತಾನು ಕಾಯ್ದುಕೊಳ್ಳುವ ಶಕ್ತಿಯನ್ನು ನಾವು ಯಾರಿಂದ ಕಸಿದುಕೊಂಡಿದ್ದೇವೆಯೋ ಅವರನ್ನು ಕಾಯುವ ಭಾರ ನಮ್ಮದೇ. ಆ ಭಾರವು ಹತ್ತಿಪ್ಪತ್ತು ರೂಪಾಯಿಯ ಮೀನಿಗೂ ಸಾವಿರಾರು ರೂಪಾಯಿಯ ಎತ್ತಿಗೂ ಒಂದೇ.

ಮೀನಿಗೆ ನೋವು ತಿಳಿಯುವುದೇ ಎಂದು ಕೆಲವರು ಕೇಳಬಹುದು. 2003ರಲ್ಲಿ ಸ್ಕಾಟ್ಲೆಂಡಿನ ವಿಜ್ಞಾನಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ಮುಖದಲ್ಲಿ ನೋವನ್ನು ಗ್ರಹಿಸುವ ನರಗಳಿರುವುದನ್ನು ತೋರಿಸಿದರು. ತುಟಿಗೆ ಆಮ್ಲ ಚುಚ್ಚಿದಾಗ ಆ ಮೀನುಗಳು ತುಟಿಯನ್ನು ಹರಳಿಗೆ ಉಜ್ಜಿದವು, ಬಹಳ ಹೊತ್ತು ಆಹಾರ ಮುಟ್ಟಲಿಲ್ಲ. ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೂ ಮನುಷ್ಯನನ್ನು ಬಿಟ್ಟು ಉಳಿದೆಲ್ಲ ಜೀವಿಗಳನ್ನು ಪ್ರಾಣಿ ಎಂದೇ ಎಣಿಸಿ, ಸಾಕಿದವನ ಮೇಲೆ ಅವುಗಳ ಯೋಗಕ್ಷೇಮದ ಕರ್ತವ್ಯವನ್ನು ಹೊರಿಸಿದೆ.

ಇನ್ನು ಮಾಡತಕ್ಕದ್ದೇನು? ಔಷಧಕ್ಕೆ ಓಡುವ ಮೊದಲು ನೀರನ್ನು ಪರೀಕ್ಷಿಸಬೇಕು. ನಾಲ್ಕನೆಯ ಒಂದು ಭಾಗ ನೀರು ತೆಗೆದು, ಕ್ಲೋರಿನ್ ಕಳೆದ, ಅಷ್ಟೇ ಬೆಚ್ಚಗಿನ ನೀರು ಹಾಕಬೇಕು. ಎರಡು ಮೂರು ದಿನ ಉಪವಾಸವಿರಿಸಿ, ಬಳಿಕ ಬೇಯಿಸಿ ಸಿಪ್ಪೆ ಸುಲಿದ ಬಟಾಣಿಯನ್ನು ಚೂರು ಚೂರಾಗಿ ಕೊಡಬೇಕು. ಮುಂದೆ ತೇಲುವ ಕಾಳಿನ ಬದಲು ಮುಳುಗುವ ಕಾಳನ್ನು ನೆನೆಸಿ, ಕಡಿಮೆ ಪ್ರಮಾಣದಲ್ಲಿ ಹಾಕಬೇಕು. ಮೇಲೇಳಲಾರದ ಮೀನಿಗೆ ನೀರಿನ ಎತ್ತರ ತಗ್ಗಿಸಿದರೆ ಶ್ರಮ ಉಳಿಯುತ್ತದೆ.

ಎಲ್ಲವೂ ಗುಣವಾಗುವುದಿಲ್ಲ. ದಿನಗಳು ಕಳೆದರೂ ತಿನ್ನದೆ ನರಳುವ ಮೀನಿನ ಕೊನೆಯನ್ನು ಹಗುರಗೊಳಿಸುವ ಬಗೆಯನ್ನು ಪಶುವೈದ್ಯರಲ್ಲಿ ಕೇಳಬೇಕು. ಲವಂಗದ ಎಣ್ಣೆಯಿಂದ ಅರಿವು ತಪ್ಪಿಸುವ ಕ್ರಮವುಂಟು. ಜೀವಂತವಾಗಿ ಮೋರಿಗೆ ಎಸೆಯುವುದು ಕ್ರೌರ್ಯ. ಕೆರೆಗೆ ಬಿಟ್ಟರೆ ಅಲ್ಲಿಯ ಮೀನುಗಳಿಗೂ ರೋಗ ಹಬ್ಬೀತು.

ಕೊಂಡ ಬೆಲೆಯನ್ನು ಕಿರ್ದಿಯಲ್ಲಿ ಬರೆದು ಅಂದೇ ಮುಗಿಸಬಹುದು. ಹೊಣೆಯ ಖಾತೆ ಮಾತ್ರ ಆ ಜೀವ ಇರುವತನಕ ತೆರೆದೇ ಇರುತ್ತದೆ. ಅಷ್ಟು ಕಾಲ ನೋಡಿಕೊಳ್ಳಲಾಗದವರು ಕೊಳ್ಳದಿರುವುದೇ ಮೇಲು.