ಹತ್ತನೆಯವನು ನೀನೇ ಎನ್ನುವ ಮೊದಲು

ಪ್ರಶ್ನೆ ಕೇಳುತ್ತ ಹೋದರೆ ಉತ್ತರ ವಿದ್ಯಾರ್ಥಿಯೊಳಗಿಂದಲೇ ಹುಟ್ಟಿಬರುತ್ತದೆ ಎಂದು ಪ್ರೋಗ್ರಾಮಿಂಗ್ ಕಲಿಸುವ ಅನೇಕರು ನಂಬುತ್ತಾರೆ. ಈ ನಂಬಿಕೆ ಪ್ಲೇಟೋನ ‘ಮೆನೋ’ ಸಂವಾದದಷ್ಟು ಹಳೆಯದು. ಎರಡಡಿ ಬಾಹುವಿನ ಚೌಕದ ಇಮ್ಮಡಿ ವಿಸ್ತೀರ್ಣಕ್ಕೆ ಬಾಹು ಎಷ್ಟಿರಬೇಕೆಂದು ಸಾಕ್ರಟೀಸ್ ಕೇಳಿದಾಗ ಸೇವಕ ಹುಡುಗ ಮೊದಲು ನಾಲ್ಕಡಿ ಎನ್ನುತ್ತಾನೆ, ಆಮೇಲೆ ಮೂರಡಿ. 16 ಬರುತ್ತದೆ, 9 ಬರುತ್ತದೆ, ಬೇಕಾದ 8 ಬರುವುದಿಲ್ಲ. ತನಗೆ ಗೊತ್ತಿಲ್ಲವೆಂದು ಅವನಿಗೆ ಗೊತ್ತಾಗುವವರೆಗೆ ನಡೆದದ್ದೆಲ್ಲ ಪ್ರಶ್ನೆಯ ಕೆಲಸವೇ. ಆದರೆ ಕರ್ಣವನ್ನು ಎಳೆದು ತೋರಿಸಿದವನು ಸಾಕ್ರಟೀಸ್, ಅದರ ಹೆಸರು ಹೇಳಿದವನೂ ಅವನೇ. ಆದ್ದರಿಂದ ಜ್ಞಾನವೆಲ್ಲ ಹುಡುಗನೊಳಗೆ ಮೊದಲೇ ಇತ್ತು, ಈಗ ನೆನಪಾಯಿತು ಎಂಬ ಅವನ ತೀರ್ಮಾನವನ್ನು ನಾನು ಒಪ್ಪಲಾರೆ.

ಶೃಂಗೇರಿ ಸೀಮೆಯ ಚಿಂತನೆ ಇಲ್ಲಿ ಹೆಚ್ಚು ನಿಖರವಾಗಿದೆ. 14ನೆಯ ಶತಮಾನದಲ್ಲಿ ಶೃಂಗೇರಿ ಪೀಠದಲ್ಲಿದ್ದ ವಿದ್ಯಾರಣ್ಯರ ‘ಪಂಚದಶಿ’ಯಲ್ಲಿ ಹತ್ತನೆಯವನ ಕಥೆ ಬರುತ್ತದೆ. ಹತ್ತು ಜನ ಹೊಳೆ ದಾಟುತ್ತಾರೆ. ಎಣಿಸುವವನು ತನ್ನನ್ನು ಬಿಟ್ಟು ಎಣಿಸಿ, ಒಬ್ಬ ಮುಳುಗಿಹೋದನೆಂದು ಅಳುತ್ತಾನೆ. ದಾರಿಹೋಕನೊಬ್ಬ ‘ಹತ್ತನೆಯವನು ಇದ್ದಾನೆ’ ಎಂದಾಗ ಹುಟ್ಟುವುದು ಪರೋಕ್ಷ ಜ್ಞಾನ. ಮತ್ತೆ ಎಣಿಸಿ ‘ನೀನೇ ಅವನು’ ಎಂದು ತೋರಿಸಿದಾಗ ಹುಟ್ಟುವುದು ಅಪರೋಕ್ಷ ಜ್ಞಾನ. ಕೊನೆಗೆ ಬೆಳಕು ಕೊಟ್ಟದ್ದು ಒಂದು ವಾಕ್ಯ. ಆದರೆ ಎಣಿಕೆ ಎಲ್ಲಿ ತಪ್ಪಿತೆಂದು ಕಾಣದವನಿಗೆ ಆ ವಾಕ್ಯ ಬರಿಯ ಸುದ್ದಿ. ಶಂಕರರ ‘ಉಪದೇಶಸಾಹಸ್ರೀ’ಯ ಗದ್ಯಭಾಗದಲ್ಲೂ ಗುರು ‘ನೀನು ಯಾರು’ ಎಂದು ಕೇಳುತ್ತಾನೆ. ಶಿಷ್ಯ ಕುಲ ಗೋತ್ರ ಹೇಳಿದ ಮೇಲೆ, ಅವನ ಆ ಉತ್ತರವನ್ನೇ ಹಿಡಿದು ಮುಂದುವರಿಯುತ್ತಾನೆ.

ಫಂಕ್ಷನ್ ತನ್ನನ್ನೇ ಮತ್ತೆ ಕರೆಯುವ ರಿಕರ್ಷನ್ ಕಲಿಸುವಾಗ ಆಗಬೇಕಾದದ್ದೂ ಇದೇ. ಮೂರರ ಫ್ಯಾಕ್ಟೋರಿಯಲ್ ಅಂದರೆ ಮೂರು ಗುಣಿಸು ಎರಡರ ಫ್ಯಾಕ್ಟೋರಿಯಲ್ ಎಂದು ಬರೆದು ವಿದ್ಯಾರ್ಥಿ ನಿಲ್ಲಿಸಿರುತ್ತಾನೆ. ‘ಎರಡಕ್ಕೆ ಏನು ಬೇಕು? ಒಂದಕ್ಕೆ? ಸೊನ್ನೆಗೆ?’ ಎಂದು ಕೇಳಿದರೆ ತನ್ನ ಫಂಕ್ಷನ್ ಮೈನಸ್ ಒಂದಕ್ಕೆ, ಮೈನಸ್ ಎರಡಕ್ಕೆ ಇಳಿಯುತ್ತಲೇ ಹೋಗುವುದನ್ನು ಅವನೇ ಕಾಣುತ್ತಾನೆ. ‘ಒಳಗಿನ ಕರೆ ಮುಗಿಯುವವರೆಗೆ ಹೊರಗಿನ ಮೂರು ಎಲ್ಲಿ ಕಾಯುತ್ತಿದೆ?’ ಎಂಬ ಪ್ರಶ್ನೆ ಇನ್ನೂ ಆಳದ್ದು. ಪ್ರತಿ ಕರೆಗೂ ತನ್ನದೇ ಬೆಲೆ ಇದೆ ಎಂಬುದು ಅಲ್ಲಿಯೇ ಹೊಳೆಯಬೇಕು, ಏಕೆಂದರೆ ಎಲ್ಲ ಕರೆಗಳಿಗೂ ಒಂದೇ ಬೆಲೆ ಎಂಬ ತಪ್ಪು ಚಿತ್ರ ತಲೆಯಲ್ಲಿ ಕೂತಿರುತ್ತದೆ.

ಕೊನೆಗೆ ಹೇಳಲೇಬೇಕಾದರೆ ಮೊದಲೇ ಹೇಳಿಬಿಡಬಾರದೇ ಎಂದು ಕೇಳಬಹುದು. ಹೇಳಬಹುದು, ಆದರೆ ಆ ತಪ್ಪು ಚಿತ್ರ ಕದಲುವುದಿಲ್ಲ. ನಿಲ್ಲುವ ಷರತ್ತನ್ನು ಬಾಯಿಪಾಠ ಮಾಡಿದವನಿಗೆ ಫೋಲ್ಡರಿನೊಳಗಿನ ಫೋಲ್ಡರುಗಳನ್ನು ಹುಡುಕುವ ಪ್ರೋಗ್ರಾಂ ಬರೆಯಲು ಹೇಳಿದರೆ ಅವನು ಮತ್ತೆ ಅಲ್ಲೇ ಎಡವುತ್ತಾನೆ. ತುಂಬಿದ ತರಗತಿಯಲ್ಲಿ ಇಷ್ಟು ಸಮಯ ಎಲ್ಲಿಂದ ತರುವುದು ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು, ಅದನ್ನು ತಳ್ಳಿಹಾಕುವಂತಿಲ್ಲ. ಅದಕ್ಕೇ ಪ್ರಶ್ನೆಯನ್ನು ತಪ್ಪು ಚಿತ್ರ ಬೇರೂರಿದ ಕೆಲವೇ ಪರಿಕಲ್ಪನೆಗಳಿಗೆ ಮೀಸಲಿಡಬೇಕು. ಕರೆಗಳು ಕಾಯುವ ಜಾಗಕ್ಕಿರುವ ಸ್ಟ್ಯಾಕ್ ಎಂಬ ಹೆಸರನ್ನೋ, ಸೆಮಿಕೋಲನ್ ಎಲ್ಲಿ ಹಾಕಬೇಕೆಂಬ ನಿಯಮವನ್ನೋ ಪ್ರಶ್ನೆ ಕೇಳಿ ಬಾಯಿ ಬಿಡಿಸಹೊರಟರೆ ಅದು ಮಗುವಿಗೆ ಹಿಂಸೆ. ಅವನ್ನು ನೇರವಾಗಿ ಹೇಳಿಬಿಡಬೇಕು.