ಅಪೂರ್ಣಕೃತಿಯ ಋಣ

ಮೊನ್ನೆ ನನ್ನ ಮೊಮ್ಮಗಳು ‘ಸ್ಯಾಂಡಿಟನ್’ ಎಂಬ ಆಂಗ್ಲ ದೂರದರ್ಶನ ಸರಣಿಯನ್ನು ನೋಡಿ ಮುಗಿಸಿ, “ತಾತ, ಜೇನ್ ಆಸ್ಟೆನ್ ಎಷ್ಟು ಚೆನ್ನಾಗಿ ಬರೆದಿದ್ದಾಳೆ!” ಎಂದು ಹರ್ಷಪಟ್ಟಳು. ಆ ಹರ್ಷವನ್ನು ಕೆಡಿಸಲು ಮನಸ್ಸಾಗಲಿಲ್ಲ, ಸುಮ್ಮನಿರಲೂ ಆಗಲಿಲ್ಲ. ಅವಳು ಮೆಚ್ಚಿದುದರಲ್ಲಿ ಬಹುಪಾಲು ಆಸ್ಟೆನ್ನಳದಲ್ಲ.

ಆಸ್ಟೆನ್ ಈ ಕಾದಂಬರಿಯನ್ನು 1817ರ ಜನವರಿಯಲ್ಲಿ ಆರಂಭಿಸಿ, ವ್ಯಾಧಿಪೀಡಿತಳಾಗಿ ಮಾರ್ಚಿಯಲ್ಲಿ ಲೇಖನಿಯನ್ನು ಕೆಳಗಿಟ್ಟಳು, ಜುಲೈಯಲ್ಲಿ ಕಾಲವಶಳಾದಳು. ಉಳಿದುದು ಹನ್ನೆರಡನೆಯ ಅಧ್ಯಾಯದವರೆಗಿನ ಹಸ್ತಪ್ರತಿ ಮಾತ್ರ. 1925ರಲ್ಲಿ ಅದನ್ನು ಅಚ್ಚಿಗೆ ತಂದ ಚಾಪ್‌ಮನ್ ಎಂಬ ವಿದ್ವಾಂಸರು, ಮುಂದಿನ ಕಥೆಯನ್ನು ಹೆಣೆಯಲು ಹೋಗದೆ, ‘ಕಾದಂಬರಿಯ ತುಣುಕು’ ಎಂದೇ ಹೆಸರಿಟ್ಟರು. 2019ರಲ್ಲಿ ಆಂಡ್ರೂ ಡೇವಿಸ್ ಅವರು ಅದನ್ನು ಎಂಟು ಕಂತುಗಳಿಗೆ ವಿಸ್ತರಿಸಿದರು. ಮೂಲದ ಸಾಮಗ್ರಿಯು ಮೊದಲ ಕಂತಿನಲ್ಲಿಯೇ ತೀರಿತೆಂದು ಅವರೇ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಆದರೂ 2022 ಮತ್ತು 2023ರಲ್ಲಿ ಇನ್ನೆರಡು ಸರಣಿಗಳು ಬಂದವು. ಆಸ್ಟೆನ್ನಳ ಹೆಸರೇ ಅವುಗಳಿಗೂ ಬಂಡವಾಳ. ಸೋಜಿಗವೇನೆಂದರೆ, ಸಣ್ಣ ಕಡಲೂರೊಂದನ್ನು ಆರೋಗ್ಯಧಾಮವೆಂದು ಹೊಗಳಿ ಹಣಮಾಡಬಯಸುವವರ ಪರಿಹಾಸವೇ ಆ ಕೃತಿಯ ವಸ್ತು!

ಪೂರೈಸುವುದೇ ದೋಷವೆಂದು ನಾನು ಹೇಳಲಾರೆ. ಬಾಣನ ‘ಕಾದಂಬರಿ’ಯನ್ನು ಆತನ ಮಗನು ಪೂರೈಸದಿದ್ದರೆ ಚಂದ್ರಾಪೀಡನ ಕಥೆಯು ನಡುದಾರಿಯಲ್ಲಿ ನಿಲ್ಲುತ್ತಿದ್ದಿತು. ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತದ ಶೇಷವನ್ನು ಕೃಷ್ಣದೇವರಾಯನ ಆಜ್ಞೆಯಂತೆ ತಿಮ್ಮಣ್ಣಕವಿಯು ರಚಿಸಿದನು. ರಾಜಾಶ್ರಯವೂ ಒಂದು ಬಗೆಯ ಲಾಭವೇ ಅಲ್ಲವೆ? ಆದರೆ ಬಾಣನ ಮಗನು, ಕವಿತ್ವದ ದರ್ಪದಿಂದಲ್ಲ, ಕಥೆ ಮುಗಿಯದುದಕ್ಕಾಗಿ ಸಜ್ಜನರು ಪಟ್ಟ ದುಃಖವನ್ನು ಕಂಡು ಈ ಕಾರ್ಯಕ್ಕೆ ತೊಡಗಿದೆನೆಂದು ಮೊದಲಲ್ಲಿಯೇ ತಿಳಿಸಿದನು. ತಿಮ್ಮಣ್ಣನ ಭಾಗವು ಬೇರೆ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಪಾಠಶಾಲೆಯಲ್ಲಿ ನಮ್ಮ ಗುರುಗಳು ಪೂರ್ವಭಾಗದ ಕಡೆಯ ವಾಕ್ಯವನ್ನು ಹೇಳಿ ಪುಸ್ತಕವನ್ನು ಮುಚ್ಚಿ, “ಇಲ್ಲಿಗೆ ತಂದೆಯ ಮಾತು ಮುಗಿಯಿತು, ನಾಳೆಯಿಂದ ಮಗನದು” ಎಂದು ಆ ದಿನದ ಪಾಠವನ್ನು ಅಲ್ಲಿಗೇ ನಿಲ್ಲಿಸಿದರು. ಉತ್ತರಭಾಗವನ್ನು ಅವರು ಹಳಿಯಲಿಲ್ಲ. ಎಲ್ಲೆಯನ್ನು ತೋರಿಸಿದರು, ಅಷ್ಟೆ.

ವಿವಾದದ ಮೂಲವು ಈ ಎಲ್ಲೆಯಲ್ಲಿಯೇ ಇದೆ. ಅದು ಕಾಣದಿದ್ದಷ್ಟೂ ವರ್ತಕನಿಗೆ ಲಾಭ. ಅದನ್ನು ಕಾಣಿಸುವುದೇ ವಿದ್ವಾಂಸನ ಧರ್ಮ. ಬದುಕಿರುವ ಕವಿಯು “ಇದು ನನ್ನದಲ್ಲ” ಎಂದು ಕೂಗಿಯಾನು. ಗತಿಸಿದವರಿಗೆ ಆ ಬಾಯಿಲ್ಲ. ಅವರ ಪರವಾಗಿ ಆ ಒಂದು ಮಾತನ್ನು ಹೇಳುವುದು ಉಳಿದವರ ಮೇಲಿರುವ ಋಣ.

ಹಾಗೆಂದು ಪಂಡಿತವರ್ಗವು ನಿರ್ದೋಷಿಯಲ್ಲ. ತುಣುಕನ್ನು ಪೆಟ್ಟಿಗೆಯಲ್ಲಿಟ್ಟು ಕಾಯುವುದನ್ನೇ ನಾವು ಭಕ್ತಿಯೆಂದು ಬಗೆದೆವು. ಆಯುಷ್ಯವೆಲ್ಲ ಪಾಠ ಹೇಳಿದ ನಾನು ಮನೆಯ ಮಗುವಿಗೆ ಆಸ್ಟೆನ್ನಳ ಹೆಸರನ್ನು ಹೇಳಿಕೊಡಲಿಲ್ಲ, ವರ್ತಕನು ಹೇಳಿಕೊಟ್ಟನು. ಈ ಉಪಕಾರವನ್ನು ಮರೆಯುವುದು ಅನ್ಯಾಯವಾದೀತು.

ಆದುದರಿಂದ ನಾನು ಸರಣಿಯನ್ನು ನಿಂದಿಸದೆ, ಮೂಲದ ಪುಸ್ತಕವನ್ನು ತರಿಸಿ ಮೊಮ್ಮಗಳ ಕೈಗೆ ಕೊಟ್ಟೆನು. ಎರಡು ದಿನಗಳಲ್ಲಿ ಓದಿ ಮುಗಿಸಿ, “ಇಷ್ಟೇನೆ ತಾತ?” ಎಂದಳು. “ಆಕೆಯದು ಇಷ್ಟೇ ಮಗು” ಎಂದೆನು. ಅವಳು ಕೊನೆಯ ಪುಟವನ್ನು ಮತ್ತೊಮ್ಮೆ ಓದತೊಡಗಿದಳು.