ಬೇಕಾದ ಮರ, ಬೇಡವಾದ ಮೊಲ

ನಮ್ಮ ಪ್ರಾಜೆಕ್ಟುಗಳಲ್ಲಿ ರಿಸ್ಕ್ ರಿಜಿಸ್ಟರ್ ಎಂಬ ಎಕ್ಸೆಲ್ ಶೀಟ್ ಇರುತ್ತದೆ. ಅಪಾಯದ ಸಾಲಿಗೆಲ್ಲ ಕೆಂಪು ಬಣ್ಣ. ಮೀಟಿಂಗಿನಲ್ಲಿ ಎಲ್ಲರೂ ಕೆಂಪನ್ನಷ್ಟೇ ನೋಡುತ್ತಾರೆ, ಕಾರಣದ ಕಾಲಂ ಓದುವವರು ಕಡಿಮೆ. ಐಯುಸಿಎನ್‌ನ ಕೆಂಪು ಪಟ್ಟಿ ನೋಡುವಾಗಲೂ ನನಗೆ ಇದೇ ನೆನಪಾಗುತ್ತದೆ. ಅದರಲ್ಲಿ ರಕ್ತಚಂದನ ಮತ್ತು ಹಿಸ್ಪಿಡ್ ಹೇರ್ ಎಂಬ ಒರಟು ರೋಮದ ಮೊಲ, ಎರಡೂ ಒಂದೇ ವರ್ಗದಲ್ಲಿವೆ.

ರಕ್ತಚಂದನ ನಮಗೆ ಗೊತ್ತು. 'ಪುಷ್ಪ' ಸಿನಿಮಾ ಬಂದ ಮೇಲಂತೂ ಮಕ್ಕಳಿಗೂ ಗೊತ್ತು. ಆಂಧ್ರದ ಶೇಷಾಚಲಂ ಮತ್ತು ಆಸುಪಾಸಿನ ಬೆಟ್ಟಗಳು ಅದರ ತವರು. ಅದರ ಕೆಂಪು ತಿರುಳಿಗೆ ಹೊರದೇಶಗಳಲ್ಲಿ ಭಾರೀ ಬೆಲೆ. 2015ರ ಏಪ್ರಿಲ್‌ನಲ್ಲಿ ಅದೇ ಬೆಟ್ಟಗಳಲ್ಲಿ, ಮರ ಕಡಿಯಲು ಬಂದವರೆಂದು, ತಮಿಳುನಾಡಿನ 20 ಮಂದಿ ಪೊಲೀಸರ ಗುಂಡಿಗೆ ಸತ್ತರು.

ಮೊಲದ ಹೆಸರಿನಲ್ಲಿ ಯಾರೂ ಸತ್ತಿಲ್ಲ. ಹಿಮಾಲಯದ ತಪ್ಪಲಿನ ಎತ್ತರದ ಹುಲ್ಲುಗಾವಲಿನಲ್ಲಿ ಅದು ಅಡಗಿ ಬದುಕುತ್ತದೆ. ನಶಿಸಿಯೇ ಹೋಯಿತು ಎಂದುಕೊಂಡಿದ್ದಾಗ 1971ರಲ್ಲಿ ಅಸ್ಸಾಮಿನಲ್ಲಿ ಮತ್ತೆ ಸಿಕ್ಕಿತು. ಅದನ್ನು ಕದ್ದು ಮಾರಿ ಶ್ರೀಮಂತರಾದವರಿಲ್ಲ. ಹುಲ್ಲುಗಾವಲು ಹೊಲವಾಗುತ್ತದೆ, ಉಳಿದದ್ದಕ್ಕೆ ಬೇಸಿಗೆಗೆ ಮುಂಚೆ ಬೆಂಕಿ ಬೀಳುತ್ತದೆ, ಮೊಲಕ್ಕೆ ಮರೆ ಇಲ್ಲದಾಗುತ್ತದೆ. ಅಷ್ಟೇ ಕಥೆ.

ಯಾವುದನ್ನು ಮೊದಲು ಉಳಿಸಬೇಕು? ನೋವು ತಿಳಿಯುವುದು ಮೊಲಕ್ಕೆ, ಹಾಗಾಗಿ ಮೊಲವನ್ನು ಎನ್ನುತ್ತಾರೆ ಗೆಳೆಯರು. ಆ ವಾದ ನನಗೆ ಒಪ್ಪಿಗೆಯಿಲ್ಲ. ನೋವು ಒಂದೊಂದು ಮೊಲದ್ದು, ಪ್ರಭೇದಕ್ಕೆ ನೋವಿಲ್ಲ. ಹಾಗೆ ಲೆಕ್ಕ ಹಾಕಿದರೆ ನಮ್ಮ ಬಯಲಿನ ಮಾಮೂಲಿ ಮೊಲಕ್ಕೂ ಅಷ್ಟೇ ನೋವು.

ಆದರೂ ಮೊಲದ ಕಡೆಗೇ ನಾನು ವಾಲುತ್ತೇನೆ, ಕಾರಣ ಬೇರೆ. ರಕ್ತಚಂದನವನ್ನು ಕಡಿಸುವ ದುರಾಸೆಯೇ ಅದನ್ನು ನೆಡಿಸುತ್ತಲೂ ಇದೆ, ರೈತರು ತೋಟಗಳಲ್ಲಿ ಬೆಳೆಸುತ್ತಿದ್ದಾರೆ. ಕಾಡಿನ ಮರಕ್ಕೆ ತೋಟದ ಮರ ಸಮವಲ್ಲ, ನಿಜ. ಆದರೆ ಬೀಜವಂತೂ ಉಳಿಯುತ್ತದೆ. ಮೊಲವನ್ನು ಸಾಕಿ ಲಾಭ ಕಾಣುವವರು ಯಾರು? ಅದು ಮಾರುಕಟ್ಟೆಯ ಲೆಕ್ಕಕ್ಕೇ ಬರದ ಜೀವ. ನಮಗೇನೂ ಸಿಗದಿದ್ದರೂ ಇನ್ನೊಂದು ಜೀವಕ್ಕೆ ಜಾಗ ಬಿಡುತ್ತೇವೆಯೇ ಎಂಬ ಪ್ರಶ್ನೆಯನ್ನು ಮರಕ್ಕಿಂತ ಮೊಲವೇ ನೇರವಾಗಿ ಕೇಳುತ್ತದೆ.

ಶೇಷಾಚಲದ ಆ 20 ಹೆಣಗಳನ್ನು ಈ ವಾದದಲ್ಲಿ ಎಲ್ಲಿಡಬೇಕೆಂದು ಮಾತ್ರ ನನಗೆ ಹೊಳೆದಿಲ್ಲ. ಕೂಲಿಗೆ ಬಂದವನ ಜೀವಕ್ಕಿಂತ ಮರ ದೊಡ್ಡದೆಂದು ಯಾವ ಪಟ್ಟಿಯೂ ಹೇಳಿಲ್ಲ.

ಮೊಲ ಕೇಳುವುದು ಅದಕ್ಕೆ ಹೋಲಿಸಿದರೆ ತೀರಾ ಸಣ್ಣದು. ಹುಲ್ಲು ಸುಡುವುದನ್ನು ಪೂರ್ತಿ ನಿಲ್ಲಿಸಲಾಗದು. ಘೇಂಡಾಮೃಗ, ಜಿಂಕೆಗಳಿಗೆ ಹೊಸ ಚಿಗುರು ಬೇಕು, ಸುಡದೆ ಬಿಟ್ಟರೆ ಹುಲ್ಲಿನ ಜಾಗವನ್ನು ಮರಗಳು ಆಕ್ರಮಿಸುತ್ತವೆ. ಒಂದೇ ಸಲ ಇಡೀ ಬಯಲಿಗೆ ಬೆಂಕಿ ಹಚ್ಚದೆ, ತುಂಡು ತುಂಡಾಗಿ ಸುಟ್ಟು ನಡುನಡುವೆ ಹುಲ್ಲು ಉಳಿಸಿದರೆ ಅದಕ್ಕೆ ಓಡಿಹೋಗಲು ಜಾಗ ಸಿಗುತ್ತದೆ.